ಮಾಳಿಗೆಗೆ ಗೋಡೆ, ಅಂಗಳಕ್ಕೆ ದಾರಿ

ವಾಕ್ಯಭಾಗಗಳು: ಧರ್ಮೋಪದೇಶಕಾಂಡ 22:8, ವಿಮೋಚನಕಾಂಡ 21:33-34, ಯಾಜಕಕಾಂಡ 19:14, ಯೋಹಾನ 5:1-9



ಈ ದಿನ ಓದಿಕೊಂಡ ಮೊದಲ ಮೂರು ವಾಕ್ಯಭಾಗಗಳ ಮೇಲೆ ಪ್ರಸಂಗ ಕೇಳುವುದು ಅಪರೂಪ. ಒಂದರಲ್ಲಿ ಮನೆಯ ಮಾಳಿಗೆಯ ಮಾತಿದೆ, ಇನ್ನೊಂದರಲ್ಲಿ ಮುಚ್ಚದೆ ಬಿಟ್ಟ ಗುಂಡಿಯ ಮಾತು, ಮತ್ತೊಂದರಲ್ಲಿ ಕಣ್ಣು ಕಾಣದವರ ದಾರಿಗೆ ಅಡ್ಡ ಇಡುವ ವಸ್ತುವಿನ ಮಾತು. ಬೇಗ ಓದಿದರೆ ಹಳೆಯ ಕಾಲದ ಊರ ಕಟ್ಟಳೆಗಳಂತೆ ಕಾಣುತ್ತವೆ. ಆದರೆ ಪರಲೋಕ ಭೂಲೋಕಗಳನ್ನು ಉಂಟುಮಾಡಿದ ದೇವರು ಮಾಳಿಗೆಯ ಅಂಚಿನ ಬಗ್ಗೆ, ಗುಂಡಿಯ ಮುಚ್ಚಳದ ಬಗ್ಗೆ ತನ್ನ ಜನರೊಡನೆ ಮಾತಾಡಿದ್ದಾನೆ ಎಂಬುದೇ ನಮ್ಮನ್ನು ತಡೆದು ನಿಲ್ಲಿಸಬೇಕು. ಈ ಮೂರು ಆಜ್ಞೆಗಳನ್ನು ಹಿಡಿದುಕೊಂಡು ಇವತ್ತು ನಾವೆಲ್ಲ ಆಗಾಗ ಹೋಗಿಬರುವ ಒಂದು ಜಾಗಕ್ಕೆ ಹೋಗೋಣ. ಅಂಗಡಿ, ಮಾಲ್, ಬ್ಯಾಂಕು, ಆಸ್ಪತ್ರೆ, ಕಲ್ಯಾಣಮಂಟಪಗಳ ಮುಂದೆ ಇಲ್ಲವೇ ಕೆಳಗೆ ವಾಹನ ನಿಲ್ಲಿಸುತ್ತೇವಲ್ಲ, ಆ ಪಾರ್ಕಿಂಗ್ ಜಾಗ. ನೆರೆಯವರನ್ನು ಪ್ರೀತಿಸುವ ಆಜ್ಞೆ ಗೇಟಿನ ಬಳಿ ಚೀಟಿ ಹರಿಸಿಕೊಂಡ ಕೂಡಲೇ ಮುಗಿಯುವುದಿಲ್ಲ.

ಮೊದಲು ಮಾಳಿಗೆಯ ಆಜ್ಞೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಏರಿಸಬೇಕು. ಏರಿಸದೆ ಬಿಟ್ಟು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಆ ಮನೆಗೆ ತಟ್ಟುತ್ತದೆ ಎಂಬುದು ಅದರ ಸಾರ. ಇಸ್ರಾಯೇಲರ ಮನೆಗಳ ಮಾಳಿಗೆ ಸಪಾಟಾಗಿತ್ತು. ರಾಹಾಬಳು ಗೂಢಚಾರರನ್ನು ಅಡಗಿಸಿದ್ದು ಮಾಳಿಗೆಯ ಮೇಲೆ. ಸಮುವೇಲನು ಸೌಲನೊಡನೆ ಕೂತು ಮಾತಾಡಿದ್ದು ಮಾಳಿಗೆಯ ಮೇಲೆ. ಯೊಪ್ಪದಲ್ಲಿ ಪೇತ್ರನು ಪ್ರಾರ್ಥನೆಗೆ ಹತ್ತಿದ್ದೂ ಮಾಳಿಗೆಯನ್ನೇ. ವಿಜಯಪುರ, ಬಾಗಲಕೋಟೆ ಕಡೆಯ ಮಾಳಿಗೆ ಮನೆಗಳಲ್ಲಿ ಬೇಸಿಗೆಯ ರಾತ್ರಿ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಳಿಗೆ ಎಂದರೆ ಮನೆಯವರು, ಕೆಲಸದವರು, ಬಂಧುಗಳು, ಮಕ್ಕಳು ಎಲ್ಲರೂ ಓಡಾಡುವ ಜಾಗ.

ಈ ಆಜ್ಞೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಇದನ್ನು ಹೇಳಿದ್ದು ಮನೆಯ ಒಡೆಯನಿಗೆ. ಬಿದ್ದವನು ನೋಡಿಕೊಂಡು ನಡೆಯಬೇಕಿತ್ತು ಎಂಬ ಮಾತು ಅಲ್ಲಿಲ್ಲ. ಎರಡನೆಯದಾಗಿ, ಹೇಳಿದ್ದು ಮನೆ ಕಟ್ಟುವ ಹೊತ್ತಿಗೆ. ಒಬ್ಬನು ಬಿದ್ದ ಮೇಲೆ ಗೋಡೆ ಏರಿಸಿದರಾಯಿತು ಎಂದಲ್ಲ, ಯಾರೂ ಬೀಳುವ ಮೊದಲೇ. ಮೂರನೆಯದಾಗಿ, ಯಾರಿಗಾಗಿ ಆ ಗೋಡೆ ಎಂದು ಹೆಸರು ಹಿಡಿದು ಹೇಳಿಲ್ಲ. ಯಾರಾದರೂ ಬಿದ್ದರೆ, ಅಷ್ಟೇ. ಬಂದವನು ಬಂಧುವೋ ಪರದೇಶಿಯೋ, ಚುರುಕಾಗಿ ನಡೆಯುವವನೋ ತಡವರಿಸುವವನೋ ಎಂದು ನೋಡಿ ಗೋಡೆ ಕಟ್ಟಲಾಗುವುದಿಲ್ಲ.

ನಾವು ಮಾಡುವುದು ಹೇಗಿದೆ? ಅಂಗಡಿಯ ನೆತ್ತಿಯ ಮೇಲೆ ಸುಸ್ವಾಗತದ ಬೋರ್ಡು ಇರುತ್ತದೆ. ಪಾರ್ಕಿಂಗ್ ಚೀಟಿಯ ಹಿಂಬದಿಯಲ್ಲಿ, ಎಲ್ಲವೂ ವಾಹನ ಮಾಲೀಕರ ಸ್ವಂತ ಹೊಣೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕರೆಯುವಾಗ ಒಂದು ಮಾತು, ಬಂದ ಮೇಲೆ ಇನ್ನೊಂದು ಮಾತು. ಈ ದೇಶದ ನ್ಯಾಯಾಲಯವೂ ಇದನ್ನು ಒಪ್ಪಿಲ್ಲ. ಹೋಟೆಲಿನವರು ಕೀಲಿ ಪಡೆದು ವಾಹನವನ್ನು ತಮ್ಮ ವಶಕ್ಕೆ ತೆಗೆದುಕೊಂಡ ಮೇಲೆ, ಹೊಣೆ ನಿಮ್ಮದೇ ಎಂದು ಚೀಟಿಯಲ್ಲಿ ಬರೆದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ಅದು ಕಳುವಾದ ಒಂದು ಕಾರಿನ ಮೊಕದ್ದಮೆ. ಕಾರಿಗೇ ಇಷ್ಟು ನ್ಯಾಯವಿದ್ದರೆ ಕಾರಿನಿಂದ ಇಳಿದು ನಡೆಯುವ ಮನುಷ್ಯನಿಗೆ ಎಷ್ಟಿರಬೇಡ?

ಪಾರ್ಕಿಂಗ್ ಜಾಗದಲ್ಲಿ ಅಂಥದ್ದೇನು ಅಪಾಯ ಎನ್ನುವವರು ದೆಹಲಿಯ ಉಪಹಾರ್ ಚಿತ್ರಮಂದಿರವನ್ನು ನೆನೆಯಬೇಕು. 1997ರ ಜೂನ್ 13ರ ಮಧ್ಯಾಹ್ನ ಅಲ್ಲಿ ಸಿನಿಮಾ ನಡೆಯುತ್ತಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಹೊಂದಿಕೊಂಡೇ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇತ್ತು. ಅಲ್ಲಿ ಹೊತ್ತಿದ ಬೆಂಕಿ ಕಾರುಗಳಿಗೆ ಹಬ್ಬಿತು. ಅನುಮತಿಗಿಂತ ಹೆಚ್ಚು ಕಾರುಗಳನ್ನು ಒತ್ತೊತ್ತಾಗಿ ತುಂಬಿದ್ದರು. ಹೊಗೆ ಮೆಟ್ಟಿಲ ದಾರಿಯಿಂದಲೇ ಮೇಲೇರಿ ಬಾಲ್ಕನಿಯನ್ನು ಮುತ್ತಿತು. 59 ಜನ ಸತ್ತರು. ಹೆಚ್ಚಿನವರು ಉಸಿರುಕಟ್ಟಿ ಸತ್ತವರು. ಸಿನಿಮಾ ನೋಡುತ್ತಿದ್ದವರಿಗೆ ತಮ್ಮ ಕಾಲಡಿಯ ಪಾರ್ಕಿಂಗ್ ಹೇಗಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಅದನ್ನು ತಿಳಿಯಬೇಕಾದವರು ಒಡೆಯರು. ಮೊಕದ್ದಮೆ ಹದಿನೇಳು ವರ್ಷ ಎಳೆದು, 2014ರಲ್ಲಿ ಸುಪ್ರೀಂ ಕೋರ್ಟ್ ಚಿತ್ರಮಂದಿರದ ಒಡೆಯರನ್ನೇ ತಪ್ಪಿತಸ್ಥರೆಂದು ಎತ್ತಿಹಿಡಿಯಿತು. ರಕ್ತದ ದೋಷ ಮನೆಯ ಮೇಲೆ ಬರುವುದೆಂದರೆ ಇದೇ. ಇನ್ನೂ ನಾಲ್ಕು ಕಾರು ಹಿಡಿಸುತ್ತವೆ ಎನಿಸಿದಾಗ, ತುರ್ತು ದಾರಿಯ ಮುಂದೆಯೇ ಸ್ಕೂಟರ್ ಸಾಲು ನಿಲ್ಲಿಸಲು ಬಿಟ್ಟಾಗ, ಈ 59 ಜನರನ್ನು ನೆನೆಯಿರಿ.

ಎರಡನೆಯದು ಗುಂಡಿಯ ಆಜ್ಞೆ. ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟರೆ, ಇಲ್ಲವೇ ಇದ್ದ ಗುಂಡಿಯನ್ನು ತೆರೆದು ಹಾಗೆಯೇ ಹೋದರೆ, ಅದರಲ್ಲಿ ಬಿದ್ದ ಎತ್ತು ಕತ್ತೆಗಳ ನಷ್ಟವನ್ನು ಅವನೇ ತುಂಬಿಕೊಡಬೇಕು. ತೋಡಿದವನಷ್ಟೇ ಅಲ್ಲ, ತೆರೆದವನೂ ಹೊಣೆ. ಆದ್ದರಿಂದ ಕಟ್ಟಡ ನನ್ನದಲ್ಲ, ನಾನು ಬಾಡಿಗೆಗೆ ಇರುವವನು ಎನ್ನುವ ಅಂಗಡಿಯವರಿಗೂ ಈ ಆಜ್ಞೆ ಸಲ್ಲುತ್ತದೆ.

ನಮ್ಮ ಕಾಲದ ದೊಡ್ಡ ಗುಂಡಿ ಬೇಸ್‌ಮೆಂಟ್. 2024ರ ಜುಲೈ 27ರಂದು ದೆಹಲಿಯ ಹಳೇ ರಾಜೇಂದ್ರ ನಗರದಲ್ಲಿ ಮಳೆನೀರು ಒಂದು ತರಬೇತಿ ಕೇಂದ್ರದ ಬೇಸ್‌ಮೆಂಟಿಗೆ ನುಗ್ಗಿ, ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ ಮೂವರು ತರುಣರು ತೀರಿಕೊಂಡರು. ಆ ನೆಲಮಾಳಿಗೆಗೆ ಅನುಮತಿ ಇದ್ದದ್ದು ವಾಹನ ನಿಲ್ಲಿಸಲು, ಸಾಮಾನು ಇಡಲು. ಅಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ನಮ್ಮ ಊರುಗಳಲ್ಲೂ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ, ಕಟ್ಟಿದ ಮೇಲೆ ಅಂಗಡಿ ಮಳಿಗೆ ಮಾಡಿ ಬಾಡಿಗೆಗೆ ಕೊಡುವುದು ಹೊಸತಲ್ಲ. ಇದರಿಂದ ಎರಡು ಕೇಡು. ಕೆಳಗೆ ಕೂತವರು ನೀರಿಗೂ ಬೆಂಕಿಗೂ ಸಿಗುತ್ತಾರೆ. ನಿಲ್ಲಲು ಜಾಗ ಕಳೆದುಕೊಂಡ ವಾಹನಗಳು ಫುಟ್‌ಪಾತಿಗೆ ಬಂದು, ನಡೆಯುವವರು ರಸ್ತೆಗೆ ಇಳಿಯುತ್ತಾರೆ. ಇಂಥ ಬಾಡಿಗೆಯ ಹಣದಿಂದ ದಶಮಾಂಶ ಕೊಟ್ಟರೆ ದೇವರಿಗೆ ಮೆಚ್ಚುಗೆಯಾದೀತೇ? ಸಭೆಯಲ್ಲಿ ಕಟ್ಟಡದ ಮಾಲೀಕರಿದ್ದೀರಿ. ಈ ಪ್ರಶ್ನೆಯನ್ನು ದೇವರ ಮುಂದೆ ನೀವೇ ಕೇಳಿಕೊಳ್ಳಬೇಕೆಂದು ಪ್ರೀತಿಯಿಂದ ಬೇಡುತ್ತೇನೆ.

2023ರ ಮೇ ತಿಂಗಳಲ್ಲಿ ಹೈದರಾಬಾದಿನ ಒಂದು ವಸತಿ ಸಮುಚ್ಚಯದಲ್ಲಿ ನಡೆದದ್ದನ್ನೂ ಹೇಳಬೇಕು. ನಮ್ಮ ಕಲಬುರಗಿ ಸೀಮೆಯಿಂದ ದುಡಿಯಲು ಹೋದ ಕೂಲಿ ಕುಟುಂಬದ ಪುಟ್ಟ ಮಗು ಅದು. ತಾಯಿಗೆ ಪಕ್ಕದಲ್ಲೇ ಕಟ್ಟಡದ ಕೆಲಸ. ಹೊರಗೆ ಸುಡುಬಿಸಿಲು. ನೆರಳಿದೆ ಎಂದು ಮಗುವನ್ನು ಪಾರ್ಕಿಂಗ್‌ನಲ್ಲಿ ಮಲಗಿಸಿದ್ದಳು. ಕಾರು ನಿಲ್ಲಿಸಲು ಬಂದವರಿಗೆ ನೆಲದ ಮೇಲೆ ಮಲಗಿದ್ದ ಮಗು ಕಾಣಲಿಲ್ಲ. ಆ ತಾಯಿಯನ್ನು ಮಾತ್ರ ಯಾರೂ ದೂರಬೇಡಿ. ಕಟ್ಟಡ ಕಟ್ಟುವ ಕೈಗಳ ಮಕ್ಕಳಿಗೆ ನೆರಳಿನ ಒಂದು ಮೂಲೆಯನ್ನು ಕೊಡಲಾಗದ ಊರು ಆ ಸಾವಿಗೆ ಉತ್ತರ ಹೇಳಬೇಕು. ವಾಹನ ನಡೆಸುವವರು ಇದನ್ನೂ ತಿಳಿದಿರಿ: ಸೀಟಿನಲ್ಲಿ ಕೂತವರಿಗೆ ಬಾನೆಟ್ಟಿನ ಮುಂದೆ, ಡಿಕ್ಕಿಯ ಹಿಂದೆ, ನೆಲಕ್ಕೆ ಹತ್ತಿರವಿರುವುದು ಕಾಣುವುದಿಲ್ಲ. ಕಾರು ಎತ್ತರವಾದಷ್ಟೂ ಕಾಣದ ಜಾಗ ಹೆಚ್ಚು. 2019ರ ಜುಲೈಯಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಹಿಂಬದಿಯ ಸೆನ್ಸರ್ ಕಡ್ಡಾಯವಾಗಿದೆ ನಿಜ. ಆದರೂ ಬೀಪ್ ಸದ್ದನ್ನು ನಂಬಿ ಕಣ್ಣನ್ನು ಬಿಡಬೇಡಿ. ಹತ್ತುವ ಮೊದಲು ವಾಹನದ ಸುತ್ತ ಒಮ್ಮೆ ನಡೆದು ನೋಡಿ. ನಿಲ್ಲಿಸುವಾಗಲೇ ಹಿಮ್ಮುಖವಾಗಿ ನಿಲ್ಲಿಸಿದರೆ, ಹೊರಡುವಾಗ ಎದುರಿನ ಜನ ಕಾಣುತ್ತಾರೆ. ಜನರ ನಡುವೆ ನಡಿಗೆಯ ವೇಗ ಸಾಕು. ಕಿವಿ ಕೇಳದವರಿಗೆ ನಿಮ್ಮ ಹಾರ್ನ್ ಕೇಳಿಸದು. ಕಣ್ಣು ಕಾಣದವರಿಗೆ ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಸ್ಕೂಟರ್ ಬಂದದ್ದೇ ತಿಳಿಯದು.

ಮೂರನೆಯದು ಯಾಜಕಕಾಂಡದ ಆಜ್ಞೆ. ಕಿವುಡರನ್ನು ಶಪಿಸಬಾರದು, ಕಣ್ಣು ಕಾಣದವರ ಮುಂದೆ ಎಡವುವಂಥದ್ದನ್ನು ಇಡಬಾರದು, ದೇವರಿಗೆ ಭಯಪಡಬೇಕು. ಈ ಕೊನೆಯ ಮಾತು ಅಲ್ಲಿ ಯಾಕೆ ಬಂತು? ಶಾಪ ಹಾಕಿದ್ದು ಕಿವಿ ಕೇಳದವನಿಗೆ ಗೊತ್ತಾಗುವುದಿಲ್ಲ. ಅಡ್ಡ ಇಟ್ಟವರು ಯಾರೆಂದು ಕಣ್ಣು ಕಾಣದವನು ನೋಡಲಾರ. ಸಾಕ್ಷಿ ಇಲ್ಲದ ಜಾಗದಲ್ಲಿ ದೇವರು ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ.

ಪಾರ್ಕಿಂಗ್‌ನಲ್ಲಿ ನಾವು ಇಡುವ ಅಡ್ಡಿಗಳು ಹೆಚ್ಚಾಗಿ ಇಂಥ ಸಾಕ್ಷಿಯಿಲ್ಲದವು. ಇಳಿಜಾರಿನ ಬಾಯಿಗೆ ಬೈಕು ನಿಲ್ಲಿಸಿ, ಐದೇ ನಿಮಿಷ ಎಂದು ಒಳಗೆ ಹೋಗುತ್ತೇವೆ. ಆ ಐದು ನಿಮಿಷದಲ್ಲಿ ಗಾಲಿಕುರ್ಚಿಯಲ್ಲಿ ಬಂದವರು ಹತ್ತಲಾಗದೆ ಹಿಂದಿರುಗಿದ್ದು ನಮಗೆ ತಿಳಿಯುವುದೇ ಇಲ್ಲ. ಕಣ್ಣು ಕಾಣದವರ ಕೋಲಿಗೆ ದಾರಿ ತೋರಲೆಂದು ಹಾಕಿದ ಉಬ್ಬುಗೆರೆಯ ಹಳದಿ ಕಲ್ಲುಗಳ ಮೇಲೆ ಸ್ಕೂಟರ್ ನಿಂತಿರುತ್ತದೆ. ನೀಲಿ ಬಣ್ಣದ ಗುರುತಿನ ಜಾಗಕ್ಕೆ ವಾಚ್‌ಮನ್ ಸರಪಳಿ ಕಟ್ಟಿಟ್ಟಿರುತ್ತಾನೆ, ದೊಡ್ಡವರ ಕಾರು ಬಂದರೆ ಬಿಚ್ಚಲು. ಪಕ್ಕದ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ದುಡಿಯಲು ಹೋಗುವ ವಿಕಲಚೇತನರು ನಮ್ಮ ಊರುಗಳಲ್ಲಿ ಎಷ್ಟೋ ಜನ. ಬೈಕಿನ ಸಾಲಿನಲ್ಲಿ ಅವರ ಗಾಡಿ ಅಗಲವಾಯಿತು, ಕಾರಿನ ಸಾಲಿಗೆ ಅದು ಕಾರಲ್ಲ. ಕಡೆಗೆ ಬೇಸ್‌ಮೆಂಟಿನ ತುದಿಗೆ ಕಳಿಸುತ್ತಾರೆ. ಅಲ್ಲಿಂದ ಮೇಲೆ ಬರಲು ವಾಹನದ ಇಳಿಜಾರೇ ಗತಿ. ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರುವ ಇಳಿಜಾರಿನಲ್ಲಿ ಮಾತ್ರ ಗಾಲಿಕುರ್ಚಿ ಹತ್ತಬಲ್ಲದು ಎಂದು ಕಟ್ಟಡದ ನಿಯಮ ಹೇಳುತ್ತದೆ. ಕಾರಿಗೆಂದು ಮಾಡಿದ ಕಡಿದಾದ ಇಳಿಜಾರನ್ನು ತೋರಿಸಿ, ರ‍್ಯಾಂಪ್ ಇದೆಯಲ್ಲ ಎನ್ನುವುದು ಮೋಸ.

ಈಗ ನಾಲ್ಕನೆಯ ವಾಕ್ಯಭಾಗಕ್ಕೆ ಬನ್ನಿ. ಯೆರೂಸಲೇಮಿನ ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷದಿಂದ ರೋಗದಲ್ಲಿದ್ದ ಒಬ್ಬ ಮನುಷ್ಯ ಮಲಗಿದ್ದ. ಗುಣವಾಗಲು ಮನಸ್ಸಿದೆಯೇ ಎಂದು ಯೇಸು ಕೇಳಿದಾಗ ಅವನು ಹೇಳಿಕೊಂಡ ಸಂಕಟವೇನು? ನನ್ನನ್ನು ನೀರಿಗೆ ಇಳಿಸಲು ಯಾರೂ ಇಲ್ಲ. ನಾನು ಹೋಗುವಷ್ಟರಲ್ಲಿ ಬೇರೊಬ್ಬ ಇಳಿದುಬಿಡುತ್ತಾನೆ ಎಂದು. ಕೊಳ ಎಲ್ಲರಿಗೂ ತೆರೆದಿತ್ತು, ಯಾರೂ ಅವನನ್ನು ತಡೆದಿರಲಿಲ್ಲ. ಮೊದಲು ಬಂದವರಿಗೆ ಮೊದಲು ಎಂಬ ರೂಢಿಯೊಂದೇ ಸಾಕಾಯಿತು ಅವನನ್ನು ಬಹುಕಾಲ ದಡದಲ್ಲೇ ಇರಿಸಲು.

ಪಾರ್ಕಿಂಗ್‌ನಲ್ಲಿ ನಡೆಯುವುದೂ ಇದೇ ರೂಢಿ. ಬಾಗಿಲ ಹತ್ತಿರದ ಜಾಗ ಬೇಗ ಬಂದವರಿಗೆ, ಚುರುಕಾಗಿ ತಿರುಗಿಸಿದವರಿಗೆ. ಆ ರೂಢಿಯನ್ನು ತಿದ್ದಲೆಂದೇ ಗಾಲಿಕುರ್ಚಿಯ ಗುರುತು ಬರೆದ ಜಾಗಗಳನ್ನು ಕಾಯ್ದಿಡುವುದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಂಥ ಜಾಗ ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ ಇರಬೇಕು, 3.6 ಮೀಟರ್ ಅಗಲವಿರಬೇಕು. ಒಂದು ಕಾರಿಗೆ ಸಾಮಾನ್ಯವಾಗಿ ಬಿಡುವುದು ಸುಮಾರು ಎರಡೂವರೆ ಮೀಟರ್. ಉಳಿದ ಒಂದು ಮೀಟರ್ ಯಾಕೆ ಎಂದು ಕೇಳುವವರಿದ್ದಾರೆ. ಗಾಲಿಕುರ್ಚಿ ಬಳಸುವವರು ಕಾರಿನ ಬಾಗಿಲನ್ನು ಪೂರ್ತಿ ತೆರೆಯಬೇಕು, ಕುರ್ಚಿಯನ್ನು ಹೊರತೆಗೆದು ಬಿಡಿಸಬೇಕು, ಸೀಟಿಗೆ ತಾಗಿಸಿ ನಿಲ್ಲಿಸಬೇಕು, ಕೈಯ ಬಲದಿಂದ ಮೈಯನ್ನು ಎತ್ತಿ ಅದಕ್ಕೆ ಜರುಗಬೇಕು. ಆ ಒಂದು ಮೀಟರಿನಲ್ಲಿ ನಡೆಯುವುದು ಇದೆಲ್ಲ. ಖಾಲಿ ಬಿದ್ದಿದೆಯಲ್ಲ ಎಂದು ನಾವು ಅಲ್ಲಿ ಬೈಕು ನಿಲ್ಲಿಸಿದರೆ, ಒಳಗೆ ಹೋದವರು ಹೊರಬಂದಾಗ ತಮ್ಮದೇ ಕಾರನ್ನು ಹತ್ತಲಾರರು. ಅಪರಿಚಿತರನ್ನು ಕರೆದು ಬೇಡಿಕೊಳ್ಳಬೇಕು, ಇಲ್ಲವೇ ಬೈಕಿನವನು ಬರುವ ತನಕ ಕಾಯಬೇಕು. ಕೊಳದ ದಡದಲ್ಲಿ ಕಾದವನ ದುಃಖದಲ್ಲಿ ಒಂದು ಪಾಲನ್ನು ನಾವು ಅವರಿಗೆ ಕೊಟ್ಟಂತೆ.

ಇದು ಕೆಲವರ ಮಾತು, ನಮಗೇನು ಎಂದುಕೊಳ್ಳಬೇಡಿ. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಜನ ಅಂಗವೈಕಲ್ಯವುಳ್ಳವರೆಂದು ದಾಖಲಾದರು. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಇದಕ್ಕೆ ಮಂಡಿ ನೋವಿನ ಅಜ್ಜಂದಿರನ್ನು, ತುಂಬು ಬಸುರಿಯರನ್ನು, ಆಪರೇಷನ್ ಮುಗಿಸಿ ಊರುಗೋಲು ಹಿಡಿದವರನ್ನು ಸೇರಿಸಿ. ರಾತ್ರಿ ಪಾಳಿ ಮುಗಿಸಿ ಕತ್ತಲ ಬೇಸ್‌ಮೆಂಟಿನಲ್ಲಿ ತನ್ನ ಸ್ಕೂಟಿಯತ್ತ ನಡೆಯುವ ಮಗಳನ್ನು ಸೇರಿಸಿ. ಮಹಿಳೆಯರಿಗೆ ಮೀಸಲು ಎಂಬ ಗುಲಾಬಿ ಬೋರ್ಡು ಒಳ್ಳೆಯದೇ. ಆದರೆ ಅವಳಿಗೆ ಬೇಕಾದದ್ದು ಪ್ರತಿ ಕಂಬದ ಬಳಿಯೂ ಉರಿಯುವ ದೀಪ, ಬಾಗಿಲಿನಿಂದ ಕಾಣುವ ದಾರಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬ ಸಿಬ್ಬಂದಿ, ಬೇಸ್‌ಮೆಂಟಿನಲ್ಲೂ ಸಿಗುವ ಮೊಬೈಲ್ ಸಿಗ್ನಲ್.

ಅಂಗವಿಕಲರಿಗೆ ದಾರಿ ಬಿಡುವುದು ದಯೆ ದಾಕ್ಷಿಣ್ಯದ ವಿಷಯವಾಗಿಯೂ ಉಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕು ಎಂದಿದೆ. ಕೇಂದ್ರ ಸರ್ಕಾರದ ನಿಯಮಗಳಿಗೆ ಹೊಂದದ ಕಟ್ಟಡದ ನಕ್ಷೆಗೆ ಅನುಮತಿ ಕೊಡಬಾರದು, ಕಟ್ಟಿ ಮುಗಿಸಿದ ಪ್ರಮಾಣಪತ್ರವನ್ನೂ ಕೊಡಬಾರದು ಎಂದು ಆ ಕಾಯ್ದೆ ಹೇಳುತ್ತದೆ. ನೋಡಿ, ಮೋಶೆಯ ಕಾಲದ ಆಜ್ಞೆಯಂತೆ ಇದೂ ಮನೆ ಕಟ್ಟುವ ಹೊತ್ತಿಗೇ ಒಡೆಯನ ಕೈ ಹಿಡಿಯುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷದ ಗಡುವಿತ್ತು, ಅದು 2022ಕ್ಕೇ ಮುಗಿಯಿತು. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿತು. ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರದ ಕಚೇರಿ ಮಾತ್ರವಲ್ಲ. ವ್ಯಾಪಾರ ನಡೆಯುವ ಖಾಸಗಿ ಕಟ್ಟಡವೂ ಅದರಲ್ಲಿ ಬರುತ್ತದೆ, ಆರಾಧನೆ ನಡೆಯುವ ಕಟ್ಟಡವೂ ಬರುತ್ತದೆ. ಅಂದರೆ ನಮ್ಮ ದೇವಾಲಯದ ಅಂಗಳವೂ ಈ ಲೆಕ್ಕದ ಒಳಗೇ ಇದೆ.

ಪಾರ್ಕಿಂಗ್‌ನಲ್ಲಿ ಸೀಟಿ ಹಿಡಿದು ನಿಲ್ಲುವ ಸಹೋದರನನ್ನೂ ಇವತ್ತು ನೆನೆಯಬೇಕು. ಬೇಸ್‌ಮೆಂಟಿನ ಹೊಗೆ ಕುಡಿಯುತ್ತ ದಿನವಿಡೀ ನಿಲ್ಲುವವನು ಅವನು. ಅವನಿಗೆ ಒಂದು ಕುರ್ಚಿ, ಕುಡಿಯಲು ನೀರು, ತಿರುಗುವ ಫ್ಯಾನು ಇವೆಯೇ? ನೀಲಿ ಗುರುತಿನ ಜಾಗದಲ್ಲಿ ನಿಲ್ಲಿಸಬೇಡಿ ಸಾರ್ ಎಂದು ಅವನು ಹೇಳಿದರೆ, ನಾನು ಯಾರು ಗೊತ್ತಾ ಎಂದು ಗದರಿಸುವವರ ಬಾಯಿಂದ ಹೊರಟ ಸ್ತೋತ್ರವನ್ನು ದೇವರು ಕೇಳುವನೇ? ಅಂಗಡಿಯ ಯಜಮಾನರೇ, ಅವನು ನಿಯಮ ಪಾಲಿಸಿದ್ದಕ್ಕೆ ಗಿರಾಕಿ ಮುನಿಸಿಕೊಂಡರೆ ನೀವು ಅವನ ಪಕ್ಕದಲ್ಲಿ ನಿಲ್ಲಿ. ಅವನ ಕೆಲಸ ಹೋಗಬಾರದು.

ಹಾಗಾದರೆ ಮಾಡಬೇಕಾದ್ದೇನು? ಹಣ ಬೇಡದ ಕೆಲಸಗಳಿಂದಲೇ ಆರಂಭಿಸಿ. ಇಳಿಜಾರಿನ ಬಾಯಿ ಬಿಡಿಸಿ, ಸರಪಳಿ ಬಿಚ್ಚಿ, ತುರ್ತು ದಾರಿಯಲ್ಲಿ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳನ್ನು ತೆಗೆಸಿ. ಆಮೇಲೆ ಸ್ವಲ್ಪ ಹಣದ ಕೆಲಸಗಳು: ಕೆಟ್ಟ ಬಲ್ಬು ಬದಲಿಸುವುದು, ನಡೆಯುವವರ ದಾರಿಗೆ ಬಣ್ಣ ಬಳಿಯುವುದು, ತಿರುವಿಗೆ ಉಬ್ಬುಗನ್ನಡಿ, ಒಡೆದ ಚರಂಡಿ ಕಲ್ಲಿಗೆ ಹೊಸ ಕಲ್ಲು, ಕಂಬಗಳಿಗೆ ದೊಡ್ಡ ಕನ್ನಡ ಅಕ್ಷರದ ಗುರುತು, ದೂರ ನಡೆಯಲಾಗದವರಿಗೆ ನಡುವೆ ಒಂದು ಬೆಂಚು. ಹೆಚ್ಚು ಹಣ ಬೇಕಾದವು ಲಿಫ್ಟು, ಸರಿಯಾದ ಇಳಿಜಾರು, ನೀರೆತ್ತುವ ಪಂಪು, ಗಾಳಿಯ ವ್ಯವಸ್ಥೆ, ಬೆಂಕಿ ಆರಿಸುವ ಸಲಕರಣೆ. ಅವುಗಳಿಗೆ ವರ್ಷ ಗೊತ್ತುಮಾಡಿ ಹಣ ಎತ್ತಿಡಿ. ಎಲ್ಲಕ್ಕಿಂತ ಮುಂಚೆ, ಗಾಲಿಕುರ್ಚಿ ಬಳಸುವ ಒಬ್ಬರನ್ನು, ಕಣ್ಣು ಕಾಣದ ಒಬ್ಬರನ್ನು ಕರೆದು, ಗೇಟಿನಿಂದ ಗಲ್ಲಾಪೆಟ್ಟಿಗೆಯ ತನಕ ಅವರ ಜೊತೆ ನಡೆಯಿರಿ. ಎಲ್ಲಿ ತೊಡಕೆಂದು ಅವರು ತೋರಿಸಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅದನ್ನೇ ಕೆಲಸದ ಪಟ್ಟಿ ಮಾಡಿಕೊಳ್ಳಿ.

ವಾಹನ ನಡೆಸುವ ನಾವೆಲ್ಲ ನಿಲ್ಲಿಸಿದಷ್ಟು ಹೊತ್ತು ಆ ತುಂಡು ನೆಲದ ಒಡೆಯರೇ. ಒಡೆಯನಿಗೆ ದೇವರು ಹೇಳಿದ ಮಾತು ಆ ಹೊತ್ತಿಗೆ ನಮಗೂ ಸಲ್ಲುತ್ತದೆ. ಬಲವಾದ ಕಾಲುಳ್ಳವರು ದೂರದಲ್ಲಿ ನಿಲ್ಲಿಸಿ ನಡೆದು ಬನ್ನಿ. ಕ್ರಿಸ್ಮಸ್, ಈಸ್ಟರ್, ಸುಗ್ಗಿ ಹಬ್ಬಗಳಂದು ನಮ್ಮ ಅಂಗಳ ತುಂಬಿದಾಗಲೂ ಆಂಬುಲೆನ್ಸ್ ಬಾಗಿಲ ತನಕ ಬರುವಷ್ಟು ದಾರಿ ಖಾಲಿ ಇರಲಿ. ಹತ್ತಿರದ ಜಾಗಗಳು ಸಭಾ ಕಮಿಟಿಯವರಿಗಾಗಲಿ ಸಭಾಪಾಲಕರಿಗಾಗಲಿ ಮೀಸಲಲ್ಲ, ನಡೆಯಲಾಗದವರಿಗೆ ಮೀಸಲು. ಅಂಗಡಿಯವರಿಗೆ ಬುದ್ಧಿ ಹೇಳುವ ಮೊದಲು ಸಭೆ ತನ್ನ ಅಂಗಳವನ್ನು ಸರಿಪಡಿಸಲಿ. ಮುಂದಿನ ಕಮಿಟಿ ಕೂಟದಲ್ಲಿ ಇದು ಮೊದಲ ವಿಷಯವಾಗಲಿ.

ಪ್ರಾರ್ಥಿಸೋಣ.

ಕರುಣೆಯುಳ್ಳ ತಂದೆಯೇ, ನೆಲವೆಲ್ಲ ನಿನ್ನದು. ನಮಗೆ ಅದನ್ನು ಒಪ್ಪಿಸಿಕೊಟ್ಟಿದ್ದೀ. ನಮ್ಮ ಕಟ್ಟಡಗಳಲ್ಲಿ, ಅಂಗಳಗಳಲ್ಲಿ ಯಾರ ರಕ್ತವೂ ಬೀಳದಂತೆ ನಮ್ಮನ್ನು ಎಚ್ಚರಿಸು. ದಡದಲ್ಲೇ ಕಾದವರ ಹೆಸರುಗಳು ನಿನಗೆ ಗೊತ್ತಿವೆ. ಅವರಿಗೆ ಜಾಗ ಬಿಡುವ ಮನಸ್ಸು ಕೊಡು. ಕಟ್ಟುವವರಿಗೆ ಪ್ರಾಮಾಣಿಕತೆಯನ್ನು, ಅಧಿಕಾರಿಗಳಿಗೆ ಧೈರ್ಯವನ್ನು, ವಾಹನ ನಡೆಸುವವರಿಗೆ ತಾಳ್ಮೆಯನ್ನು, ಬಿಸಿಲು ಹೊಗೆಯಲ್ಲಿ ನಿಂತು ದುಡಿಯುವವರಿಗೆ ಆರೋಗ್ಯವನ್ನು ಅನುಗ್ರಹಿಸು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.